ಅಜ್ಜಿಗೆ ಕೇಳಿಸಿದ ಜೀನಿಯಸ್

ಲೋಬಾನದ ಹೊಗೆ ಮೂಗಿಗೆ ಬಿದ್ದರೆ ಇಂದಿಗೂ ನಮ್ಮೂರು ಮೊಗುಡಂಪಲ್ಲಿಯ ಆ ಮಧ್ಯಾಹ್ನ ನೆನಪಾಗುತ್ತದೆ. ತೆಲಂಗಾಣ ಚಳವಳಿಗೆ ಶಾಲೆ ಮುಚ್ಚಿತ್ತು. ಲೆಕ್ಕದ ಮಾಸ್ತರರು ಮನೆಗೇ ಬಂದು, “ನಿಮ್ಮ ಮೊಮ್ಮಗಳು ಜೀನಿಯಸ್ ಅದಾಳ್ರಿ. ಜಹೀರಾಬಾದಿಗಿ ಸ್ಕಾಲರ್‌ಶಿಪ್ ಪರೀಕ್ಷೆಗಿ ಕಳಸ್ರಿ” ಎಂದು ಅಜ್ಜಿಗೆ ಹೇಳಿದರು.

“ಆಕಿ ಮೈಯಾಗ ಜಿನ್ ಹೊಕ್ಕದೇನ್ರಿ?” ಅಜ್ಜಿ ಗಾಬರಿಯಾಗಿ ಕೆಂಡಕ್ಕೆ ಲೋಬಾನ ಹಾಕಿ ನನ್ನ ಮುಖಕ್ಕೇ ಹಿಡಿದಳು.

ಮಾಸ್ತರರು ನಗಲಿಲ್ಲ. “ದೆವ್ವ ಅಲ್ರಿ ಅವ್ವಾ. ಹುಟ್ಟಿದಾಗಿಂದ ಮನುಷ್ಯಾನ ಬೆನ್ನಿಗಿದ್ದು ಕಾಯೋ ದೇವರಿಗಿ ಹಿಂದ ರೋಮಿನ ಮಂದಿ ಜೀನಿಯಸ್ ಅಂತಿದ್ರು. ಈಗ ಭಾಳ ಶಾಣ್ಯಾ ಇದ್ದವರಿಗಿ ಹಂಗ ಅಂತಾರ.”

“ದೇವರೇ ಬೆನ್ನಿಗಿದ್ರ ನಾ ಯಾಕ ತಡೀಲಿ?” ಎಂದಳು ಅಜ್ಜಿ.

ಪರೀಕ್ಷೆಯ ದಿನ ಬಸ್ಸಿರಲಿಲ್ಲ. ಮಾಸ್ತರರ ಸ್ಕೂಟರಿನಲ್ಲಿ ನನ್ನ ಹಿಂದೆ ಅಜ್ಜಿಯೂ ಹತ್ತಿ ಕೂತಳು. ರಸ್ತೆಗೆ ಅಡ್ಡ ಕೂತ ಚಳವಳಿಯವರಿಗೆ, “ಹುಡುಗಿ ಪರೀಕ್ಷೆಗಿ ಹೊಂಟಾಳ, ದಾರಿ ಬಿಡ್ರಪ್ಪಾ” ಎಂದಳು. ಅವರೆಲ್ಲ ಎದ್ದು ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು.