ಕೆಂಪು ನಾಲಿಗೆ

“ನಿನ್ನ ತಮ್ಮನ್ನ ನಾ ನೂಕಿಲ್ಲಂದ್ರ ನೂಕಿಲ್ಲ! ಎಷ್ಟು ಸಲ ಬೊಗಳ್ಲಿ?” ಲಾಕಪ್ಪಿನೊಳಗಿಂದ ಯಂಕೋಬ ಹೆಂಡತಿಗೆ ಚೀರಿ ನಾಲಿಗೆ ಚಾಚಿದ. ಸುಳ್ಳಾಡಿದವರ ನಾಲಿಗೆ ಆ ಕ್ಷಣವೇ ಕಪ್ಪಾಗುತ್ತದೆ. ಅವನದು ಕೆಂಪಗಿತ್ತು.

“ಕೆಂಪೈತಲ್ರೀ ಸಾಹೇಬ್ರ, ಇವರನ್ನ ಬಿಡ್ರಿ,” ಎಂದಳು ಹುಲಿಗೆವ್ವ.

“ಕುಡಿದಿದ್ದ, ಮರ್ತಾನ. ನೆನಪು ಮಾಡಸ್ತೀವಿ, ನಾಳೆ ಬಾ,” ಎಂದರು ಇನ್ಸ್‌ಪೆಕ್ಟರ್ ಗುಡದೂರ.

ಹುಲಿಗೆವ್ವನ ತಮ್ಮ ಕಲ್ಲಿನ ಕ್ವಾರಿಯೊಳಗೆ ಬಿದ್ದು ಸತ್ತ ದಿನ ಯಂಕೋಬ ಅಲ್ಲಿಗೆ ಹೋಗಿರಲೇ ಇಲ್ಲ. ಆ ರಾತ್ರಿ ಪೊಲೀಸರು ಅವನನ್ನು ಹೊಡೆಯಲಿಲ್ಲ, ಮಲಗಲು ಬಿಡಲಿಲ್ಲ ಅಷ್ಟೆ. ಕಣ್ಣು ಮುಚ್ಚಿಸಿ ಕ್ವಾರಿಯ ಅಂಚನ್ನು ಕಲ್ಪಿಸಿಕೋ ಎಂದರು. ಸತ್ತವನ ಅಂಗಿಯ ಬಣ್ಣವನ್ನೂ ಅವರೇ ಹೇಳಿಕೊಟ್ಟರು. ಎಲ್ಲವನ್ನೂ ಕೊನೆಯಿಂದ ಮೊದಲಿಗೆ ಹೇಳಿಸಿದರು. “ನೂಕಿದ್ರ ಹೆಂಗ ನೂಕ್ತಿದ್ದಿ?” ಎಂದು ಕೇಳುತ್ತಿದ್ದವರು ಬರಬರುತ್ತ “ಹೆಂಗ ನೂಕಿದಿ?” ಎಂದು ಕೇಳತೊಡಗಿದರು.

ಮರುದಿನ ಹುಲಿಗೆವ್ವ ರೊಟ್ಟಿ ಕಟ್ಟಿಕೊಂಡು ಬಂದಾಗ ಯಂಕೋಬ ಅಳುತ್ತಿದ್ದ.

“ನಾನ ನೂಕೀನಿ. ಅವನ ಬೆನ್ನು ಬೆಚ್ಚಗಿತ್ತು. ಈಗ ನೆನಪಾತು.”

“ನಾಲಿಗಿ ತೋರ್ಸು.”

ತೋರಿಸಿದ. ಕೆಂಪಗಿತ್ತು.

“ನಿನ್ನಿ ಮರ್ತಿದ್ದ ನೋಡವ್ವ,” ಎಂದರು ಗುಡದೂರ.

ಗಂಡನ ಮುಖಕ್ಕೆ ಉಗಿದು ಹುಲಿಗೆವ್ವ ಹೊರಗೆ ನಡೆದಳು. ಅವನಿಗೆ ಶಿಕ್ಷೆಯಾದ ದಿನವೂ ಬರಲಿಲ್ಲ.