ಹೇಳಿದ್ದು ಕೇಳದ ಹುಡುಗ

ಹನಮೇಶ ತೀರಿಕೊಂಡ ಹದಿನಾಲ್ಕನೆಯ ದಿನ ಮಧ್ಯಾಹ್ನ ಗೆಳೆಯರಿಬ್ಬರು ಅವನ ತಾಯಿ ಅಂಬಾಬಾಯಿಯವರನ್ನು ಮಾತನಾಡಿಸಲು ಮಾಳಮಡ್ಡಿಯ ಮನೆಗೆ ಬಂದರು. ಹದಿಮೂರು ದಿನದ ಕರ್ಮ ಮುಗಿಯುವವರೆಗೆ ಸತ್ತವರ ಮನೆಯಲ್ಲಿ ಏನೂ ಮುಟ್ಟಬಾರದೆಂದು ಕೇಳಿ ತಿಳಿದುಕೊಂಡಿದ್ದರು. ಇಂದು ಚಹಾ ಕುಡಿಯಬಹುದಿತ್ತು. ಶಶಿಕಾಂತ ದುಃಖಕ್ಕೆಂದೇ ಇಸ್ತ್ರಿ ಮಾಡಿಸಿದ ಬಿಳಿಯ ಅಂಗಿ ತೊಟ್ಟಿದ್ದ. ಅಂಬರೀಷನ ಕೊರಳಲ್ಲಿ ವಿಡಿಯೊ ಕ್ಯಾಮೆರಾ ನೇತಾಡುತ್ತಿತ್ತು.

"ಭಾಳ ಹೇಳಿದ್ವಿರೀ ಕಾಕು," ಎಂದ ಶಶಿಕಾಂತ, ಚೂಡಾ ಅವಲಕ್ಕಿಯ ತಾಟನ್ನು ಹತ್ತಿರ ಎಳೆದುಕೊಂಡು. "ಗಾಳಿ ಜೋರ್ ಐತಿ, ಬ್ಯಾಡೋ ಹನಮ್ಯಾ ಅಂತ ಕೈ ಹಿಡದು ಹೇಳಿದೆ. ಕೇಳಲಿಲ್ರಿ."

"ಹಟಾರೀ," ಎಂದ ಅಂಬರೀಷ. "ಕಾಲಿಗೆ ಬಿದ್ದಿದ್ರೂ ಕೇಳ್ತಿದ್ದಿಲ್ಲ."

"ಅವತ್ತಿನಿಂದ ನನಗ ಊಟ ಸೇರವಲ್ದು," ಎಂದು ಶಶಿಕಾಂತ ಇನ್ನೊಂದು ಮುಷ್ಟಿ ಚೂಡಾ ಬಾಯಿಗೆ ಹಾಕಿಕೊಂಡ. "ಗಾಳಿಪಟಾನೂ ಹರದ ಹೋತ್ರಿ. ಪರದೇಶದ ಮಾಲು. ಅದೇನ ಬಿಡ್ರಿ, ಹೋದ ಜೀವದ ಮುಂದ."

ಗೋವಾದಲ್ಲಿ ಯಾವನೋ ಪರದೇಶದವನಿಂದ ಶಶಿಕಾಂತ ಕೊಂಡು ತಂದ ಆಟ ಅದು. ಕೋಣೆಯಷ್ಟು ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲ ಕೆಳಗೆ ಹಲಗೆ ಇಟ್ಟುಕೊಂಡು, ಗಾಳಿ ಎಳೆದತ್ತ ಸಮುದ್ರದ ಮೇಲೆ ಜಾರುವುದು. ಕಾರವಾರದ ಕಡಲಿನಲ್ಲಿ ಹಾಗೆ ಜಾರಿ ಹೋದ ಹನಮೇಶ ಮರುದಿನ ಮೀನುಗಾರರ ಕೈಗೆ ಸಿಕ್ಕ. ಅಂದಿನಿಂದ, ಹುಡುಗ ಹೇಳಿದ್ದು ಕೇಳಲಿಲ್ಲವಂತೆ ಎಂಬ ಮಾತು ಈ ಇಬ್ಬರ ಬಾಯಿಂದ ಹೊರಟು ಓಣಿ ಓಣಿ ಸುತ್ತಿತು. ಸಮಾಧಾನ ಹೇಳಲು ಬಂದವರೆಲ್ಲ ಅದನ್ನೇ ಹೇಳಿ ಹೋದರು. ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಅವನ ಮೇಲೆ ಏನು ಹೇರಿದರೂ ನಿಲ್ಲುತ್ತದೆ.

"ನನಗ ಒಂದ ಮಾತು ಹೇಳ್ರಿ," ಎಂದರು ಅಂಬಾಬಾಯಿ. "ಇಪ್ಪತ್ತಾರು ವರ್ಷದಾಗ ಅವ ಒಬ್ಬರ ಮಾತು ಮೀರಿದವ ಅಲ್ಲ. ಕಡೀ ದಿನಾ ಹ್ಯಾಂಗ ಹಟಮಾರಿ ಆದಾ? ದೇವರ ಮುಂದ ಕೂತ್ರ ಇದ ಒಂದ ಮನಸಿಗೆ ಬರ್ತದ. ನಾ ಬೆಳಸಿದ್ದ ತಪ್ಪಾತೇನು?"

"ನಿಮ್ಮ ತಪ್ಪೇನೈತ್ರಿ, ಅವನ ಹಣೇಬರಹ," ಎಂದ ಶಶಿಕಾಂತ ಧಾರಾಳವಾಗಿ. "ಅದಕ್ಕ ಅವತ್ತಿನ ಟೇಪು ತಂದೇವಿ. ಎಷ್ಟ ಖುಷೀಲೆ ಇದ್ದಾ ನೋಡ್ರಿ. ನಿಮಗ ಸಮಾಧಾನ ಆಕ್ಕೇತಿ."

ಟೀವಿಗೆ ವೈರು ಸಿಕ್ಕಿಸಿದರು. ಮೊದಲು ಕಂಡದ್ದು ಸಮುದ್ರವಲ್ಲ, ಶಶಿಕಾಂತ. ಗಾಳಿಪಟದ ಮುಂದೆ ಶಶಿಕಾಂತ, ಹಲಗೆ ಹಿಡಿದ ಶಶಿಕಾಂತ, ತೆರೆ ಬಂದೊಡನೆ ಹಿಂದಕ್ಕೆ ಹಾರಿದ ಶಶಿಕಾಂತ. ಕೊನೆಗೆ ಹನಮೇಶ ಬಂದ. ನೀರಿನ ಮೇಲೆ ಒಂದಿಷ್ಟು ದೂರ ಜಾರಿದ, ಜಿಗಿದ, ಬಿದ್ದ, ನಗುತ್ತ ದಡಕ್ಕೆ ಬಂದ. ಅಂಬಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಷ್ಟರೀ," ಎಂದು ಅಂಬರೀಷ ಎದ್ದ. ತರುವ ಮೊದಲು ಅವರು ನೋಡಿಕೊಂಡದ್ದೂ ಅಲ್ಲಿಯವರೆಗೆ ಮಾತ್ರ.

"ಇರಲಿ ಬಿಡು," ಎಂದರು ಅಂಬಾಬಾಯಿ, ಕಣ್ಣು ತೆಗೆಯದೆ.

ಅಂದು ಅಂಬರೀಷ ಕ್ಯಾಮೆರಾವನ್ನು ನಿಲ್ಲಿಸಲು ಮರೆತು ಕೊರಳಿಗೆ ಜೋತುಬಿಟ್ಟಿದ್ದ. ಪರದೆಯ ತುಂಬ ಉಸುಕು, ಮೂವರ ಪಾದಗಳು. ಗಾಳಿಯ ಸದ್ದಿನ ನಡುವೆ ಹನಮೇಶನ ದನಿ ಕೇಳಿಸಿತು.

"ಸಾಕೋ ಶಶ್ಯಾ. ಗಾಳಿ ಭಾಳ ಆತು. ತೋಳು ಸೋತಾವ."

"ಏ, ಇನ್ನೊಂದ ಸಲ ಹೋಗಿ ಬಾರಲೇ. ನೀ ಜಿಗಿದದ್ದು ಛಲೋ ಬಂದಿಲ್ಲಂತ ಕ್ಯಾಮೆರಾದಾಗ." ಇದು ಶಶಿಕಾಂತನ ದನಿ.

"ನೀನ ಹೋಗು ಮತ್ತ. ಗಾಳಿಪಟ ನಿಂದು."

"ನನಗ ಹೆಂಡತಿ ಅದಾಳೋ ಮಾರಾಯಾ!" ಇಬ್ಬರು ಗಹಗಹಿಸಿದರು. "ಹೋಗಂದ್ರ ಹೋಗು. ಇಲ್ಲಾಂದ್ರ ಮಾಳಮಡ್ಡ್ಯಾಗ ಅವ್ವನ ಮಡಿಸೀರಿ ಒಣಾ ಹಾಕ್ಕೋತ ಕುಂದರು."

ಒಂದು ಜೊತೆ ಪಾದಗಳು ಉಸುಕಿನಲ್ಲಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತವು.

"ಆತು, ತಾ ಇಲ್ಲೆ."

ಅಂಬರೀಷ ಕ್ಯಾಮೆರಾ ಎತ್ತಿ ಹಿಡಿದಿರಬೇಕು, ಚಿತ್ರ ನೆಟ್ಟಗಾಯಿತು. ಶಶಿಕಾಂತ ಗಾಳಿಪಟದ ಕೊಂಡಿಯನ್ನು ಹನಮೇಶನ ಸೊಂಟಕ್ಕೆ ಸಿಕ್ಕಿಸಿ, ಹಲಗೆಯನ್ನು ಕೈಗೆ ಕೊಟ್ಟು, ಭೇಷ್ ಎಂದು ಬೆನ್ನು ತಟ್ಟಿದ. ಹನಮೇಶ ನೀರಿಗೆ ಇಳಿದ.

ಚೂಡಾ ಅಗಿಯುವ ಸದ್ದು ನಿಂತಿತ್ತು.

"ಕೇಳಿದಾ ನೋಡ್ರಿ," ಎಂದರು ಅಂಬಾಬಾಯಿ ಮೆಲ್ಲಗೆ. "ಹೇಳಿದ್ದು ಕೇಳಿದಾ ನನ್ನ ಮಗಾ."

ಶಶಿಕಾಂತ ದಡಬಡಿಸಿ ಎದ್ದು, ಕ್ಯಾಮೆರಾ ಕಸಿದುಕೊಂಡು, ಸಿಕ್ಕ ಗುಂಡಿ ಒತ್ತಿದ. ಅದು ಟೇಪನ್ನು ಹಿಂದಕ್ಕೆ ಓಡಿಸುವ ಗುಂಡಿ. ಪರದೆಯ ಮೇಲೆ ಹನಮೇಶ ತೆರೆಗಳೊಳಗಿಂದ ಹಿಂದುಹಿಂದಾಗಿ ನಡೆದು ದಡಕ್ಕೆ ಬಂದ. ಹಲಗೆಯನ್ನು ಗೆಳೆಯನ ಕೈಗೆ ಕೊಟ್ಟ. ಗೆಳೆಯ ಬಾಗಿ ಅವನ ಸೊಂಟದ ಕೊಂಡಿಯನ್ನು ಕಳಚಿದ.

"ಅಲ್ಲೇ ನಿಲ್ಲಸು," ಎಂದರು ಅಂಬಾಬಾಯಿ. "ಇಷ್ಟ ಮಾಡಬೇಕಾಗಿತ್ತಪಾ ನೀ ಅವತ್ತ."