ಮುಂದಿನ ಸಾಲಿನ ಕುರ್ಚಿ

"ಅವರಾಗಿ ಮಾತಾಡಿಸೋ ತನಕ ನೀವ್ಯಾರೂ ಬಾಯಿ ಬಿಡೋ ಹಾಗಿಲ್ಲ. ನಮ್ಮಲ್ಲಿ ಹಾಗೆ," ಎಂದು ಶೆರಿಲ್ ಬಾಗಿಲಲ್ಲೇ ತಡೆದು ಹೇಳಿದಳು.

"ಉಸಿರಾದ್ರೂ ಬಿಡಬಹುದಾ ಮೇಡಂ?" ಎಂದ ಡರ್ಮಟ್.

"ಮೂಗಲ್ಲಿ ಬಿಡಿ. ಬನ್ನಿ ಒಳಗೆ."

ಒಳಗೆ ಅವಳ ಗಂಡ ಹೊವರ್ಡ್ ಗಿಡ್ಡ ಪೀಠದ ಮೇಲೆ, ಎದೆಯ ಬಳಿ ಹರಿದ ಅಂಗಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತಿದ್ದ. ತಾಯಿ ಥೆಲ್ಮಾ ಹೋಗಿ ಇನ್ನೂ ವಾರವಾಗಿರಲಿಲ್ಲ. ನಮ್ಮ ಯಹೂದಿ ಮನೆಗಳಲ್ಲಿ ಏಳು ದಿನ ಹೀಗೇ. ಸತ್ತವರ ಮಕ್ಕಳಿಗೆ ಹರಿದ ಅಂಗಿ, ಬರಿಗಾಲು, ಗಿಡ್ಡ ಪೀಠ, ಕನ್ನಡಿಗೆ ಮುಸುಕು, ನೋಡಲು ಬಂದವರ ಬಾಯಿಗೆ ಬೀಗ. ಶೋಕದಲ್ಲಿರುವವನೇ ಮೊದಲು ಮಾತಾಡಬೇಕು. ಸಾಮಾನ್ಯವಾಗಿ ಬಂದವರು ಕೋಟು ಬಿಚ್ಚುವುದರೊಳಗೆ ಮನೆಯವರೇ ಶುರು ಹಚ್ಚಿಕೊಳ್ಳುತ್ತಾರೆ. ಸುಮ್ಮನಿರುವುದು ನಮ್ಮವರ ರಕ್ತದಲ್ಲೇ ಇಲ್ಲ.

ಆದರೆ ಬಂದವರು ಯಾರೆಂದು ನೋಡಿದ್ದೇ ಹೊವರ್ಡ್ ತುಟಿ ಬಿಗಿದುಕೊಂಡ. ಇವರೆಲ್ಲ ಅಮ್ಮನ ಪಬ್ಬಿನ ಪಟಾಲಂ!

ಥೆಲ್ಮಾ ನಲವತ್ತು ವರ್ಷ ಮ್ಯಾಂಚೆಸ್ಟರಿನ ಅಂಗಡಿಯಲ್ಲಿ ಗಂಡನ ಹಿಂದೆ ನಿಂತು ಪರದೆ ಬಟ್ಟೆ ಕತ್ತರಿಸಿದವಳು. ಗಿರಾಕಿ ಏನಾದರೂ ಕೇಳಿದರೆ ಗಂಡನ ಮುಖ ನೋಡಿ ಉತ್ತರ ಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ಮೇಲೆ, ಒಂದು ಪಬ್ಬಿನ ಮಹಡಿ ಹತ್ತಿ ಮೈಕು ಹಿಡಿದು ಜನರನ್ನು ನಗಿಸಲು ನಿಂತಳು. ನಗಿಸಲು ಸಿಕ್ಕ ಸರಕು ಮಗನೇ. ದಂತವೈದ್ಯ ಹೊವರ್ಡ್‌ಗೆ ಸುದ್ದಿ ತಂದವನು ಅವನದೇ ರೋಗಿ. "ನಿಮ್ಮಮ್ಮ ನಿಮ್ಮನ್ನ ಚೆನ್ನಾಗಿ ಜಾಡಿಸ್ತಾರೆ ಡಾಕ್ಟ್ರೇ," ಎಂದು ಹೇಳಿ ಬಾಯಿ ಅಗಲಿಸಿ ಮಲಗಿಬಿಟ್ಟಿದ್ದ. ಅಂದು ಸಂಜೆ ಹೊವರ್ಡ್ ಅಮ್ಮನ ಮನೆಗೆ ಹೋಗಿ ಕೂಗಾಡಿದ. ಅವಳು ಹೇಳಿದ್ದು ಇಷ್ಟೇ: "ಒಂದ್ಸಲ ಬಂದು ಕೇಳೋ. ಆಮೇಲೆ ಬೈಯುವಂತೆ." ಅವನು ಹೋಗಲಿಲ್ಲ. ಇನ್ನು ಹೋಗುವಂತಿಲ್ಲ. ಊರಿನವರ ಮುಂದೆ ಅಮ್ಮ ತನ್ನ ಬಗ್ಗೆ ಏನೇನು ಹೇಳಿದಳೋ ತಿಳಿಯಬೇಕೆಂಬ ಆಸೆ ಇತ್ತು, ತಿಳಿದುಬಿಟ್ಟರೆ ಎಂಬ ಭಯವೂ ಇತ್ತು.

ಥೆಲ್ಮಾಳ ಹಾಗೇ ಪಬ್ಬಿನಲ್ಲಿ ಮೈಕು ಹಿಡಿದು ಜನರನ್ನು ನಗಿಸುವವರು ಈಗ ಸಾಲಾಗಿ ಸೋಫಾದ ಮೇಲೆ ಕುಳಿತು ಒದ್ದಾಡಿದರು. ಒಬ್ಬಳು ಛಾವಣಿ ನೋಡಿದಳು. ಇನ್ನೊಬ್ಬ ಕನ್ನಡಿಗೆ ಹೊದಿಸಿದ್ದ ಹೂವಿನ ಪರದೆಯನ್ನು ದಿಟ್ಟಿಸಿದ. ಅದು ಥೆಲ್ಮಾಳ ಅಂಗಡಿಯದೇ. ಹಗಲು ಬಸ್ಸು ಓಡಿಸುವ ಡರ್ಮಟ್‌ಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಮೇಜಿನ ಮೇಲಿದ್ದ ಬಾದಾಮಿ ಬಿಸ್ಕತ್ತು ತೆಗೆದು ಕಟಕ್ಕನೆ ಕಚ್ಚಿದವನೇ ಕೆನ್ನೆ ಹಿಡಿದುಕೊಂಡು ಮುದುಡಿದ.

"ಎಡಗಡೆ ಕೆಳಗಿನದಾ?" ಎಂದುಬಿಟ್ಟ ಹೊವರ್ಡ್.

ಸೋಫಾಕ್ಕೆ ಸೋಫಾವೇ ನಿಟ್ಟುಸಿರು ಬಿಟ್ಟಿತು.

"ಸದ್ಯ! ಇನ್ನು ಸ್ವಲ್ಪ ಹೊತ್ತಾಗಿದ್ರೆ ಈ ಮನೇಲಿ ಇನ್ನೊಂದು ಹೆಣ ಬೀಳ್ತಿತ್ತು," ಎಂದ ಡರ್ಮಟ್. ಅಡುಗೆಮನೆಯಲ್ಲಿ ಶೆರಿಲ್ ಕೆಮ್ಮಿದಳು.

ಬಾಯಿ ಜಾರಿದ ಮೇಲೆ ಹೊವರ್ಡ್‌ಗೆ ಬಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. "ಏನ್ ಹೇಳ್ತಿದ್ಲು ನನ್ನ ಬಗ್ಗೆ? ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ."

"ಬೇಜಾರು ಮಾಡ್ಕೋಬಾರದು."

"ಹೇಳಿ ಅಂದ್ನಲ್ಲ."

ಡರ್ಮಟ್ ಎದ್ದು, ಥೆಲ್ಮಾಳ ಹಾಗೆ ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡಂತೆ ನಿಂತ. "ನನ್ನ ಮಗ ಊರಿನವರ ಬಾಯೆಲ್ಲಾ ತೆಗೆಸ್ತಾನೆ. ನನ್ನದೊಂದನ್ನ ಮಾತ್ರ ಮುಚ್ಚಿಸೋಕೆ ನೋಡ್ತಾನೆ."

ಅಡುಗೆಮನೆಯಲ್ಲಿ ಕೆಮ್ಮು ನಗುವಾಯಿತು. ಹೊವರ್ಡ್‌ನ ತುಟಿಯೂ ಒಂದು ಕಡೆ ಸಡಿಲಿತು. ಅವನು ಇಷ್ಟು ದಿನ ಹೆದರಿದ್ದು ಇದಕ್ಕೇನಾ?

"ಅಷ್ಟೇನಾ?"

"ಇನ್ನೊಂದಿತ್ತು. ಅದನ್ನ ಒಂದಿನವೂ ಬಿಡ್ತಿರಲಿಲ್ಲ." ಡರ್ಮಟ್ ಮತ್ತೆ ಕುಳಿತುಕೊಂಡ. ಈ ಸಲ ದನಿ ಥೆಲ್ಮಾಳದಾಗಿರಲಿಲ್ಲ, ಅವನದೇ ಆಗಿತ್ತು. "ಮುಂದಿನ ಸಾಲಲ್ಲಿ ಒಂದು ಕುರ್ಚಿ ಮೇಲೆ ತಮ್ಮ ಕೋಟು ಇಡ್ತಿದ್ರು. ಜನ ನಿಂತಿದ್ರೂ ಸರಿ, ಅಲ್ಲಿ ಯಾರನ್ನೂ ಕೂರೋಕೆ ಬಿಡ್ತಿರಲಿಲ್ಲ. ಶುರುವಿಗೆ ಅದನ್ನ ತೋರಿಸಿ, 'ಇದು ನನ್ನ ಮಗಂದು. ಕಾರು ನಿಲ್ಲಿಸೋಕೆ ಹೋಗಿದಾನೆ, ಇನ್ನೇನು ಬಂದ' ಅನ್ನೋರು. ಎಲ್ಲ ಮುಗಿದ ಮೇಲೆ ಬಾಗಿಲ ಕಡೆ ನೋಡಿ, 'ಪಾಪ, ಇನ್ನೂ ಸುತ್ತುತ್ತಾ ಇದಾನೆ' ಅನ್ನೋರು. ಜನ ಬಿದ್ದು ಬಿದ್ದು ನಗೋರು."

"ಕೊನೇ ಸಲಾನೂ ಇಟ್ಟಿದ್ಲಾ?"

"ಇಟ್ಟಿದ್ರು."

ಹೊವರ್ಡ್ ತನ್ನ ಬರಿಗಾಲು ನೋಡಿಕೊಂಡ. ಆಮೇಲೆ ತಲೆಯೆತ್ತಿ, ಬಂದವರ ಯಾರ ಮುಖವನ್ನೂ ನೋಡದೆ, ಕನ್ನಡಿಯ ಮೇಲಿನ ಹೂವಿನ ಪರದೆಗೆ ಹೇಳಿದ:

"ಕಾರು ನಿಲ್ಲಿಸೋಕೆ ಎಲ್ಲೂ ಜಾಗ ಸಿಗ್ಲಿಲ್ಲಮ್ಮ."